ವಿಲನ್ ಭಾಷೆಗೆ ನಮ್ಮ 'ಡ'ಕಾರವೇ ಬೇಕಾ?

ಗೇಮ್‌ಗೋ ಶಾರ್ಟ್ ಫಿಲ್ಮ್‌ಗೋ ಹೊಸ ಭಾಷೆ ಕಟ್ಟೋಕೆ ಹೊರಟ ಹಲವರು ಮೊದಲು ಮಾಡೋದು ರಾಕ್ಷಸರ ಬಾಯಿಗೆ ಡ, ಟ, ಖ ತುರುಕೋ ಕೆಲಸ. 1984ರ 'ಸ್ಟಾರ್ ಟ್ರೆಕ್' ಚಿತ್ರಕ್ಕಾಗಿ ಮಾರ್ಕ್ ಓಕ್ರಾಂಡ್ ರೂಪಿಸಿದ ಕ್ಲಿಂಗಾನ್ ಭಾಷೆಯಲ್ಲೂ 'ಡ', 'ಷ' ಇವೆ. ಇಂಗ್ಲಿಷ್ ಕಿವಿಗೆ ಅವು ಅನ್ಯಗ್ರಹದ ಸದ್ದು. ನಮಗೋ ಹಾಡು, ಮಾಡು, ನೋಡು ಅನ್ನೋ ಮನೆಮಾತು. ಒರಟು ಯಾವುದು ಅಂತ ತೀರ್ಮಾನಿಸೋಕೆ ಬೇರೆಯವರ ಕಿವಿಯನ್ನ ನಾವ್ಯಾಕೆ ಸಾಲ ತರಬೇಕು?

ಓಕ್ರಾಂಡ್ ಅವರಿಂದ ಕಲಿಯಬೇಕಾದ್ದು ಪದ ಕಟ್ಟೋ ರೀತಿ. ಕ್ಲಿಂಗಾನ್‌ನಲ್ಲಿ 'ಘೋಜ್' ಅಂದ್ರೆ ಕಲಿ. 'ಮೋಹ್' ಸೇರಿದ್ರೆ ಕಲಿಸು. ಅದಕ್ಕೆ 'ವಿ' ಸೇರಿದ್ರೆ ಕಲಿಸುವವರು. ನಮ್ಮ 'ಇಸು' ಪ್ರತ್ಯಯ ಮಾಡೋದೂ ಇದನ್ನೇ. 10 ಧಾತು, 5 ಪ್ರತ್ಯಯ ಇದ್ರೆ ಹತ್ತಾರು ಪದ ತಾವಾಗೇ ಹುಟ್ಟುತ್ತವೆ. ಹಾಗಾಗಿ ಮೊದಲು ಪ್ರತ್ಯಯಗಳ ಪಟ್ಟಿ ಮಾಡಿ, ಹೆದರಿಸೋ ಸದ್ದು ಆಮೇಲೆ ನೋಡೋಣ.