ಬಾಣಂತನ ಮುಗಿದ ಮೇಲೂ ಬಿಪಿ ನೋಡಿಸಿ

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಉತ್ತರ ಕನ್ನಡ, ಕಾರವಾರ.

ಮಾನ್ಯರೇ,

ಬಸುರಿಯಾಗಿದ್ದಾಗ ಬಿಪಿ ಏರಿದ ಹೆಂಗಸಿನ ತಾಯಿ ಕಾರ್ಡು ಸಾಮಾನ್ಯವಾಗಿ ಹೀಗಿರುತ್ತದೆ: ಏಳನೇ ತಿಂಗಳಲ್ಲಿ 140/90, ಎಂಟರಲ್ಲಿ 150/100, ಮೂತ್ರದಲ್ಲಿ ಪ್ರೋಟೀನ್, ಪಕ್ಕದಲ್ಲಿ ‘ಹೈ ರಿಸ್ಕ್’ ಎಂಬ ಗುರುತು. ತಿಂಗಳ 9ನೇ ತಾರೀಖು ವೈದ್ಯರ ತಪಾಸಣೆ, ಅಗತ್ಯ ಬಿದ್ದರೆ ಅಂಕೋಲೆಯಿಂದ ಕಾರವಾರಕ್ಕೆ ರೆಫರ್. ಹೆರಿಗೆಯಾದ ಮೇಲೆ 42ನೇ ದಿನದವರೆಗೆ ಆಶಾ ಕಾರ್ಯಕರ್ತೆ ಮನೆಗೆ ಬಂದು ಹೋಗುತ್ತಾರೆ. ತಾಯಿ-ಮಗು ಇಬ್ಬರನ್ನೂ ಉಳಿಸಿಕೊಳ್ಳಲು ಇಲಾಖೆ ಪಡುವ ಈ ಶ್ರಮವನ್ನು ಯಾರೂ ಅಲ್ಲಗಳೆಯಲಾರರು. ಆದರೆ 43ನೇ ದಿನದಿಂದ ಆಕೆಯ ಬಿಪಿ ಯಾರ ಹೊಣೆ? ಇದೊಂದೇ ಪ್ರಶ್ನೆಯನ್ನು ತಮ್ಮ ಮುಂದಿಡಲು ಈ ಪತ್ರ.

ಹೆರಿಗೆಯಾದರೆ ಬಿಪಿ ಇಳಿಯುತ್ತದೆ, ಅಲ್ಲಿಗೆ ಕಾಯಿಲೆ ಮುಗಿಯಿತು ಎಂಬ ನಂಬಿಕೆ ಜನರಲ್ಲಷ್ಟೇ ಅಲ್ಲ, ಆಸ್ಪತ್ರೆಗಳಲ್ಲೂ ಇದೆ. ಅರ್ಧ ನಿಜ. ಹೆಚ್ಚಿನವರಲ್ಲಿ ಮೂರು ತಿಂಗಳೊಳಗೆ ಅದು ಇಳಿಯುವುದು ಹೌದು, ಬಿಟ್ಟುಹೋಗುವುದು ಅಪಾಯವನ್ನು. ಮೂವತ್ತು ಲಕ್ಷಕ್ಕೂ ಹೆಚ್ಚು ಹೆಂಗಸರ ಮಾಹಿತಿ ಒಟ್ಟುಗೂಡಿಸಿ 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಪ್ರಿಎಕ್ಲಾಂಪ್ಸಿಯಾ (ಬಸುರಿನಲ್ಲಿ ಬಿಪಿ ಏರಿ, ಸಾಮಾನ್ಯವಾಗಿ ಮೂತ್ರದಲ್ಲಿ ಪ್ರೋಟೀನ್ ಕಾಣುವ ಸ್ಥಿತಿ) ಆಗಿದ್ದವರಿಗೆ ಮುಂದೆ ಕಾಯಂ ಬಿಪಿ ಬರುವ ಸಾಧ್ಯತೆ ಇತರರಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯ ಸಾಧ್ಯತೆ ಎರಡು ಪಟ್ಟು, ಪಾರ್ಶ್ವವಾಯುವಿನದು ಹೆಚ್ಚುಕಡಿಮೆ ಅಷ್ಟೇ. 2017ರ ಇನ್ನೊಂದು ವಿಶ್ಲೇಷಣೆ ಹೃದಯ ವೈಫಲ್ಯದ ಅಪಾಯ ನಾಲ್ಕು ಪಟ್ಟು ಎಂದಿತು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2011ರಲ್ಲೇ ಪ್ರಿಎಕ್ಲಾಂಪ್ಸಿಯಾವನ್ನು ಹೆಂಗಸರ ಹೃದ್ರೋಗದ ಅಪಾಯಗಳ ಪಟ್ಟಿಗೆ ಸೇರಿಸಿದೆ. ಕಾರಣವೂ ಅಸ್ಪಷ್ಟವಾಗಿಲ್ಲ. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಶೇ 40ರಿಂದ 50ರಷ್ಟು ಹೆಚ್ಚುತ್ತದೆ, ಹೃದಯ ಅಷ್ಟೂ ಹೊರೆ ಹೊರಬೇಕು. ರಕ್ತನಾಳಗಳ ದೌರ್ಬಲ್ಯ ಎಷ್ಟೋ ಸಲ ಮೊದಲು ಬಯಲಾಗುವುದೇ ಆಗ. ಪ್ರಿಎಕ್ಲಾಂಪ್ಸಿಯಾ ಆ ನಾಳಗಳ ಒಳಪದರಕ್ಕೆ ತನ್ನದೂ ಒಂದಷ್ಟು ಹಾನಿ ಸೇರಿಸುತ್ತದೆ. ಮುಂದೆ ಯಾರ ಹೃದಯಕ್ಕೆ ಕಷ್ಟ ಬರಬಹುದು ಎಂಬುದನ್ನು ಇಪ್ಪತ್ತು ವರ್ಷ ಮೊದಲೇ ಹೇಳುವ ಸೂಚನೆಗಳು ವೈದ್ಯಕೀಯದಲ್ಲಿ ಹೆಚ್ಚಿಲ್ಲ. ಇದೊಂದು ನಮ್ಮ ಕೈಯಲ್ಲಿದೆ, ನಾವೇ ಬರೆದಿಟ್ಟ ಕಾರ್ಡಿನಲ್ಲಿದೆ.

ಹಾಗಿದ್ದೂ ಅದು ಉಪಯೋಗಕ್ಕೆ ಬಾರದಿರುವುದು ವಯಸ್ಸಿನ ಒಂದು ಗೆರೆಯಿಂದ. ಅಸಾಂಕ್ರಾಮಿಕ ರೋಗಗಳ ತಪಾಸಣೆ ಶುರುವಾಗುವುದು 30 ತುಂಬಿದವರಿಗೆ. ಇಪ್ಪತ್ತೆರಡಕ್ಕೆ ಮೊದಲ ಹೆರಿಗೆ, ಇಪ್ಪತ್ತೈದಕ್ಕೆ ಎರಡನೆಯದು, ಜೊತೆಗೇ ಸಂತಾನಹರಣ ಆಪರೇಷನ್ ಮುಗಿಸಿದ ಹೆಂಗಸು ಆಮೇಲೆ ತನಗಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಅಪರೂಪ. ಅತಿ ಹೆಚ್ಚು ನಿಗಾ ಬೇಕಾದವಳು ಯಾವ ರಿಜಿಸ್ಟರಿನಲ್ಲೂ ಇಲ್ಲದೆ ವರ್ಷಗಟ್ಟಲೆ ಉಳಿದುಬಿಡುತ್ತಾಳೆ. ತಲೆನೋವಿಲ್ಲ, ಸುಸ್ತಿಲ್ಲ ಎಂದ ಮೇಲೆ ಬಿಪಿ ಇಲ್ಲವೆಂದೇ ಆಕೆಯ ಲೆಕ್ಕ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಬೆಳಗಿನಿಂದ ಬುಟ್ಟಿಯ ಮುಂದೆ ಕುಳಿತವರಿಗೆ, ಅಂಕೋಲೆಯ ಪೇಟೆಗೆ ತರಕಾರಿ ಹೊತ್ತು ತರುವ ಹಾಲಕ್ಕಿ ಹೆಂಗಸರಿಗೆ ಏದುಸಿರು ಬಂದರೆ ಅದು ದುಡಿತದ ಆಯಾಸ. ಬೆನ್ನು ಹಿಡಿದರೆ, ವಾಕರಿಕೆ ಬಂದರೆ ಗ್ಯಾಸ್ಟ್ರಿಕ್. ಹೆಂಗಸರ ಹೃದಯಾಘಾತ ಎಷ್ಟೋ ಬಾರಿ ಇದೇ ವೇಷದಲ್ಲಿ ಬರುತ್ತದೆ. ಮಳೆಗಾಲಕ್ಕೆಂದು ಕೂಡಿಟ್ಟ ಒಣಮೀನಿನ ಉಪ್ಪು ಬಿಪಿಗೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ ಎಂದು ಅವರಿಗೆ ಹೇಳುವವರಾದರೂ ಯಾರು?

ಈ ಜಿಲ್ಲೆಯಲ್ಲಿ ಕಾಯಿಲೆ ಬಲಿಯುವವರೆಗೆ ಕಾಯುವುದು ಬೇರೆಡೆಗಿಂತ ದುಬಾರಿ. ಗಂಭೀರ ಹೃದ್ರೋಗವೆಂದರೆ ಜನ ಇಂದಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾದ ದಾರಿ ಹಿಡಿಯುತ್ತಾರೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿಯತ್ತ ಹೊರಟ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತದ್ದನ್ನು, ಎರಡು ವರ್ಷದ ನಂತರ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದಾದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ನ್ಯಾಯವಾದದ್ದು, ಅದು ನಿಲ್ಲಬಾರದು. ಆದರೆ ಬಿಪಿ ನೋಡಲು ಆ ಆಸ್ಪತ್ರೆ ಬೇಕಿಲ್ಲ.

ಆಶಾಗಳಿಗೆ ಈಗಲೇ ಹೊರಲಾರದಷ್ಟು ಕೆಲಸ ಎಂಬ ಆಕ್ಷೇಪ ಬರುತ್ತದೆ, ಅದು ನಿಜ ಕೂಡ. ಆದ್ದರಿಂದಲೇ ಲೆಕ್ಕ ಹಾಕಿ ನೋಡಬೇಕು. ಒಬ್ಬ ಆಶಾಗೆ ಸುಮಾರು ಸಾವಿರ ಜನಸಂಖ್ಯೆ, ವರ್ಷಕ್ಕೆ ಹದಿನೈದರ ಆಸುಪಾಸು ಹೆರಿಗೆ. ಬಸುರಿಯರಲ್ಲಿ ಬಿಪಿ ಏರುವುದು ನೂರಕ್ಕೆ ಐದರಿಂದ ಹತ್ತು ಮಂದಿಗೆ. ಅಂದರೆ ಒಬ್ಬ ಆಶಾಗೆ ವರ್ಷಕ್ಕೆ ಹೊಸದಾಗಿ ಸೇರುವುದು ಒಂದೋ ಎರಡೋ ಹೆಸರು. ಅವರನ್ನು ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ, ಒಂಬತ್ತು ತಿಂಗಳಿಗೆ, ಮತ್ತೆ ಒಂದೂವರೆ ವರ್ಷದ ಹೊತ್ತಿಗೆ ಮಗುವಿಗೆ ಚುಚ್ಚುಮದ್ದು ಹಾಕಿಸಲು ತಾಯಿ ತಾನಾಗಿಯೇ ಉಪಕೇಂದ್ರಕ್ಕೆ ಬರುತ್ತಾಳೆ. ಮಗುವಿನ ತೂಕ ನೋಡುತ್ತಾರೆ, ಸೂಜಿ ಚುಚ್ಚುತ್ತಾರೆ, ಜ್ವರದ ಔಷಧಿ ಕೊಡುತ್ತಾರೆ. ಮೇಜಿನ ಮೇಲಿನ ಬಿಪಿ ಯಂತ್ರದ ಪಟ್ಟಿಯನ್ನು ತಾಯಿಯ ತೋಳಿಗೆ ಮಾತ್ರ ಯಾರೂ ಸುತ್ತುವುದಿಲ್ಲ. ಮಗುವನ್ನು ಅಜ್ಜಿಯ ಕೈಗಿತ್ತು ಐದು ನಿಮಿಷ ಸುಮ್ಮನೆ ಕುಳಿತರೆ ಮುಗಿಯುವ ಕೆಲಸ ಅದು.

ಎಳೆಯ ತಾಯಂದಿರನ್ನು ಸುಮ್ಮನೆ ಹೆದರಿಸಿದಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಎರಡು ಪಟ್ಟು ಎಂದರೆ ಎಲ್ಲರಿಗೂ ಬರುತ್ತದೆ ಎಂದಲ್ಲ. ಇಪ್ಪತ್ತು-ಮೂವತ್ತರ ಹರೆಯದಲ್ಲಿ ಹೃದಯಾಘಾತ ಅಪರೂಪವೇ. ಇದನ್ನೂ ಸೇರಿಸಿಯೇ ಹೇಳಬೇಕು. ಹೇಳದೆ ಬಿಡುವುದು ಆಕೆಗೆ ಮಾಡುವ ಉಪಕಾರವಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಇಂಥ ತಾಯಂದಿರ ಮೇಲೆ ಹೀಗೆ ಕಣ್ಣಿಟ್ಟರೆ ಇಪ್ಪತ್ತು ವರ್ಷದ ನಂತರ ಹೃದಯಾಘಾತ ತಪ್ಪುತ್ತದೆಂದು ಯಾವ ಪ್ರಯೋಗ ತೋರಿಸಿದೆ? ಅಷ್ಟು ದೀರ್ಘ ಪ್ರಯೋಗದ ಫಲಕ್ಕಾಗಿ ಕಾಯುತ್ತ ಕೂರಬೇಕಿಲ್ಲ ಎಂಬುದು ನನ್ನ ಉತ್ತರ. ಮೇಲಿನ ಬಿಪಿ 10 ಅಂಕ ಇಳಿದರೆ ಹೃದಯಾಘಾತ, ಪಾರ್ಶ್ವವಾಯುಗಳಂಥ ಅವಘಡಗಳು ಒಟ್ಟಾರೆ ಐದರಲ್ಲೊಂದು ಭಾಗ ತಗ್ಗುತ್ತವೆ ಎಂಬುದು ಗಂಡು-ಹೆಣ್ಣೆಂಬ ಭೇದವಿಲ್ಲದೆ ಸಾಬೀತಾದ ವಿಷಯ. ಬಾಣಂತಿಯರೇ ಮನೆಯಲ್ಲಿ ಬಿಪಿ ನೋಡಿಕೊಂಡು, ಅದರಂತೆ ವೈದ್ಯರು ಮಾತ್ರೆ ಸರಿಪಡಿಸಿದರೆ ಒಂಬತ್ತು ತಿಂಗಳ ನಂತರವೂ ಬಿಪಿ ಕೆಳಗೇ ಉಳಿಯುತ್ತದೆಂದು 2023ರಲ್ಲಿ ಆಕ್ಸ್‌ಫರ್ಡ್‌ನ ಪ್ರಯೋಗವೊಂದು ತೋರಿಸಿತು. ಮುಂದಿನ ಬಸಿರಿಗೂ ಈ ದಾಖಲೆ ಬೇಕು: ಹಿಂದೆ ಪ್ರಿಎಕ್ಲಾಂಪ್ಸಿಯಾ ಆಗಿದ್ದವರಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ವೈದ್ಯರು ಶುರುಮಾಡುವ ಸಣ್ಣ ಪ್ರಮಾಣದ ಆಸ್ಪಿರಿನ್ ಅದು ಮರುಕಳಿಸುವುದನ್ನು ಕಡಿಮೆ ಮಾಡುತ್ತದೆ.

ತವರಿನ ಸಂಗತಿಯನ್ನೂ ತಾವು ಗಮನಿಸಬೇಕು. ಹೆರಿಗೆ ಅಂಕೋಲೆಯ ತವರಿನಲ್ಲಿ, ಸಂಸಾರ ಕಾರವಾರದಲ್ಲಿ. ಮೂರೋ ಐದೋ ತಿಂಗಳಿಗೆ ಗಂಡನ ಮನೆಗೆ ಮರಳಿದವಳ ಬಿಪಿಯ ಕತೆ ಅಲ್ಲಿನ ಆಶಾಗೆ ಗೊತ್ತೇ ಇರುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಬಸುರಿನಲ್ಲಿ ಬಿಪಿ ಏರಿದವರ ಹೆಸರು, ವಯಸ್ಸು ಎಷ್ಟೇ ಇರಲಿ, 42ನೇ ದಿನಕ್ಕೆ ಗಂಡನ ಮನೆಯ ಕಡೆಯ ಉಪಕೇಂದ್ರದ ಬಿಪಿ ರಿಜಿಸ್ಟರಿಗೆ ಸೇರಬೇಕು. ಮಗುವಿನ ಪ್ರತಿ ಚುಚ್ಚುಮದ್ದಿನ ದಿನ ತಾಯಿಯ ಬಿಪಿ ನೋಡಬೇಕು, ಆಮೇಲೆ ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ತೂಕ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಚೀಟಿಯಲ್ಲಿ ‘ನಿಮಗೆ ಮುಂದೆ ಬಿಪಿ, ಹೃದಯದ ಕಾಯಿಲೆ ಬರುವ ಸಾಧ್ಯತೆ ಹೆಚ್ಚು, ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ’ ಎಂಬ ಒಂದು ಸಾಲು ಕನ್ನಡದಲ್ಲಿ, ಬೇಕಾದಲ್ಲಿ ಕೊಂಕಣಿಯಲ್ಲಿ ಇರಬೇಕು. ಯಂತ್ರ ಉಪಕೇಂದ್ರದಲ್ಲಿದೆ, ಸಿಬ್ಬಂದಿ ಅಲ್ಲಿದ್ದಾರೆ, ಮಾತ್ರೆ ಸರ್ಕಾರವೇ ಕೊಡುತ್ತದೆ. ಕಾರವಾರ, ಅಂಕೋಲೆ ತಾಲೂಕುಗಳಲ್ಲಿ ಈ ವರ್ಷವೇ ಇದನ್ನು ಶುರುಮಾಡಲು ತಾವು ಒಂದು ಸುತ್ತೋಲೆ ಹೊರಡಿಸಬೇಕೆಂದು ವಿನಂತಿಸುತ್ತೇನೆ.