ಯಂತ್ರ ಬಂತು, ತಂತ್ರಾಂಶ ಬರೆಯುವವರು ಬರಲಿಲ್ಲ

2001ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ‘ಸಿಂಪ್ಯೂಟರ್’ ಮಾದರಿ ಮೊದಲ ಬಾರಿಗೆ ಪ್ರದರ್ಶನಗೊಂಡಾಗ ನಾನು ಸರ್ಕಾರಿ ಸೇವೆಯಲ್ಲಿದ್ದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಕೂಡಿ ರೂಪಿಸಿದ ಅಂಗೈಯಗಲದ ಕಂಪ್ಯೂಟರ್ ಅದು. ಲಿನಕ್ಸ್ ಅದರ ಆಧಾರ. ಬರಹವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವುದು ಅದರ ಹೆಗ್ಗಳಿಕೆ. ಸ್ಮಾರ್ಟ್ ಕಾರ್ಡ್ ಇದ್ದರೆ ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಬಹುದಿತ್ತು. 2004ರಲ್ಲಿ ಬಿಇಎಲ್ ತಯಾರಿಸಿದ ‘ಅಮಿಡಾ’ ಸಿಂಪ್ಯೂಟರ್ ಸುಮಾರು ಹತ್ತು ಸಾವಿರ ರೂಪಾಯಿಯ ಆರಂಭಿಕ ಬೆಲೆಗೆ ಮಾರುಕಟ್ಟೆಗೆ ಬಂತು. ಆದರೆ ಮಾರಾಟ ಸಾವಿರಗಳ ಲೆಕ್ಕವನ್ನು ದಾಟಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಜನರ ನೆನಪಿನಿಂದಲೂ ಮರೆಯಾಯಿತು.

ಮೊಬೈಲ್ ಫೋನುಗಳ ಬೆಲೆ ಇಳಿದದ್ದೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ಆ ಯಂತ್ರವನ್ನು ಕಟ್ಟಿದವರ ಹೊರತಾಗಿ ಬೇರೆಯವರು ಅದಕ್ಕಾಗಿ ತಂತ್ರಾಂಶ ಬರೆಯಲು ದೊಡ್ಡ ಸಂಖ್ಯೆಯಲ್ಲಿ ಮುಂದೆ ಬರಲಿಲ್ಲ. ಏಕೆ ಬರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ, ನನ್ನ ವಯಸ್ಸಿನವರು ಸಾಮಾನ್ಯವಾಗಿ ಹಗುರವಾಗಿ ಕಾಣುವ ಒಂದು ಉದ್ಯಮದತ್ತ, ಅಂದರೆ ವಿಡಿಯೊ ಗೇಮ್ ಕನ್ಸೋಲ್‌ಗಳತ್ತ, ನೋಡಬೇಕಾಗುತ್ತದೆ.

ಕನ್ಸೋಲ್ ಎಂಬುದು ಸಂತೆಯಿದ್ದಂತೆ. ಕೊಳ್ಳುವವರು ಇರುವಲ್ಲಿಗೆ ಮಾರುವವರು ಬರುತ್ತಾರೆ. ಮಾರುವವರು ಇರುವಲ್ಲಿಗೆ ಕೊಳ್ಳುವವರು ಬರುತ್ತಾರೆ. ನಮ್ಮ ದೇವರಾಜ ಮಾರುಕಟ್ಟೆಗೆ ಸುತ್ತಲ ಹಳ್ಳಿಗಳ ಹೂವು ಬರುವುದು ಕಟ್ಟಡದ ಅಂದ ನೋಡಿ ಅಲ್ಲ. ಇಂತಹ ಎರಡು ಮುಖದ ಮಾರುಕಟ್ಟೆಗಳ ಬಗ್ಗೆ ಝಾನ್ ತಿರೋಲ್ ಮತ್ತು ಝಾನ್-ಷಾರ್ಲ್ ರೋಷೆ 2003ರಲ್ಲಿ ಪ್ರಕಟಿಸಿದ ಪ್ರಬಂಧ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತ. 2014ರಲ್ಲಿ ತಿರೋಲ್ ಅವರಿಗೆ ನೊಬೆಲ್ ಪುರಸ್ಕಾರವೂ ಸಂದಿತು.

ಹೊರಗಿನ ತಂತ್ರಾಂಶ ತಯಾರಕ ಕೇಳುವ ಪ್ರಶ್ನೆಗಳು ಮೂರೇ. ಈ ಯಂತ್ರ ಎಷ್ಟು ಮನೆಗಳಲ್ಲಿದೆ? ಇದಕ್ಕಾಗಿ ಬರೆಯಲು ನನಗೆಷ್ಟು ಖರ್ಚು, ಗಳಿಕೆಯಲ್ಲಿ ಯಂತ್ರದ ಒಡೆಯನ ಪಾಲೆಷ್ಟು? ನಾಳೆ ಆತ ಕೈಬಿಟ್ಟರೆ ನನ್ನ ಗತಿಯೇನು?

ಮೊದಲ ಪ್ರಶ್ನೆಗೆ ಒಳ್ಳೆಯ ಉತ್ತರವಿದ್ದರೆ ಉಳಿದವನ್ನು ಸಹಿಸಿಕೊಳ್ಳುವವರೂ ಇದ್ದಾರೆ. 1980ರ ದಶಕದ ಅಮೆರಿಕದಲ್ಲಿ ನಿಂಟೆಂಡೊ ಕಂಪನಿಯ ಷರತ್ತುಗಳು ಕಠಿಣವಾಗಿದ್ದವು: ವರ್ಷಕ್ಕೆ ಐದೇ ಆಟ, ಕಾರ್ಟ್ರಿಜ್‌ಗಳನ್ನು ನಿಂಟೆಂಡೊದಿಂದಲೇ ಮಾಡಿಸಿಕೊಳ್ಳಬೇಕು. ಆದರೂ ಕೊಳ್ಳುವವರು ಅಲ್ಲಿಯೇ ಇದ್ದುದರಿಂದ ತಯಾರಕರು ಒಪ್ಪಿದರು. 1994ರ ಡಿಸೆಂಬರ್‌ನಲ್ಲಿ ಸೋನಿ ಕಂಪನಿಯು ಅಗ್ಗದ ಸಿಡಿ ಬಳಸುವ ‘ಪ್ಲೇಸ್ಟೇಷನ್’ ತಂದಾಗ ಚಿತ್ರ ಬದಲಾಯಿತು. ನಿಂಟೆಂಡೊದ ಹಳೆಯ ಒಡನಾಡಿ ಸ್ಕ್ವೇರ್ ಸಂಸ್ಥೆ 1997ರಲ್ಲಿ ತನ್ನ ಪ್ರಸಿದ್ಧ ‘ಫೈನಲ್ ಫ್ಯಾಂಟಸಿ’ ಸರಣಿಯ ಏಳನೆಯ ಆಟವನ್ನು ಸೋನಿಯ ಯಂತ್ರಕ್ಕೇ ಕೊಟ್ಟಿತು.

ಮೂರನೆಯ ಪ್ರಶ್ನೆಯನ್ನು ಕಡೆಗಣಿಸಿ ಸೋತದ್ದು ಸೆಗಾ ಕಂಪನಿ. 1995ರಲ್ಲಿ ತನ್ನ ‘ಸ್ಯಾಟರ್ನ್’ ಯಂತ್ರವನ್ನು ಅದು ಹೇಳಿದ ದಿನಕ್ಕಿಂತ ಮೊದಲೇ ಅಮೆರಿಕದಲ್ಲಿ ಬಿಡುಗಡೆ ಮಾಡಿ, ಸಿದ್ಧರಿರದ ತಯಾರಕರನ್ನೂ ಅಂಗಡಿಯವರನ್ನೂ ಕಂಗೆಡಿಸಿತು. ಬಳಿಕ 1998ರಲ್ಲಿ ಬಂದ ‘ಡ್ರೀಮ್‌ಕಾಸ್ಟ್’ ತಾಂತ್ರಿಕವಾಗಿ ಉತ್ತಮವಾಗಿದ್ದರೂ ಎಲೆಕ್ಟ್ರಾನಿಕ್ ಆರ್ಟ್ಸ್‌ನಂತಹ ದೈತ್ಯ ಸಂಸ್ಥೆ ಅದಕ್ಕೆ ಒಂದು ಆಟವನ್ನೂ ಕೊಡಲಿಲ್ಲ. 2001ರ ಮಾರ್ಚ್‌ನಲ್ಲಿ ಅದರ ತಯಾರಿಕೆಯೇ ನಿಂತಿತು. ನಿಂಟೆಂಡೊ ಕೂಡ ಈ ಪೆಟ್ಟು ತಿಂದಿದೆ. 2012ರ ‘ವೀ ಯು’ ಯಂತ್ರದಿಂದ ಹೊರಗಿನವರು ಬೇಗನೆ ದೂರ ಸರಿದರು; ಅದು ಮಾರಾಟವಾದದ್ದು ಸುಮಾರು 1.35 ಕೋಟಿ ಮಾತ್ರ. ಅದೇ ಕಂಪನಿಯ 2017ರ ‘ಸ್ವಿಚ್’ 15 ಕೋಟಿ ದಾಟಿತು. ಪುಣೆಯ ಪುಟ್ಟ ತಂಡವೊಂದು ರೂಪಿಸಿದ ‘ರಾಜಿ’ ಎಂಬ ಆಟ 2020ರಲ್ಲಿ ಮೊದಲು ಬಿಡುಗಡೆಯಾದದ್ದು ಆ ಯಂತ್ರದಲ್ಲೇ.

ಇದೇ ಮೂರು ಪ್ರಶ್ನೆಗಳನ್ನು ಸಿಂಪ್ಯೂಟರ್‌ಗೆ ಕೇಳಿ ನೋಡೋಣ. ಎರಡನೆಯದಕ್ಕೆ ಉತ್ತರ ಚೆನ್ನಾಗಿಯೇ ಇತ್ತು; ಅದರ ವಿನ್ಯಾಸವೇ ಮುಕ್ತ ಮನೋಭಾವದ್ದು. ಆದರೆ ಮೊದಲನೆಯದಕ್ಕೂ ಮೂರನೆಯದಕ್ಕೂ ಉತ್ತರ ಕೊಡಬೇಕಾಗಿದ್ದವರು ವಿಜ್ಞಾನಿಗಳಲ್ಲ. ಗ್ರಾಮೀಣ ಸೇವೆಗೆಂದು ಮಾಡಿದ ಯಂತ್ರಕ್ಕೆ ಸಹಜವಾಗಿ ದೊಡ್ಡ ಗ್ರಾಹಕ ಸರ್ಕಾರವೇ. ಆ ಸರ್ಕಾರಗಳಿಂದ ಬಂದದ್ದು ‘ಪ್ರಾಯೋಗಿಕ ಯೋಜನೆ’ಗಳು. ಇಂದು ಇನ್ನೂರು ಯಂತ್ರ ಕೊಂಡು, ಮುಂದಿನ ವರ್ಷದ ಬಗ್ಗೆ ಮಾತನ್ನೇ ಆಡದ ಗ್ರಾಹಕನನ್ನು ನಂಬಿ ಯಾವ ತಂತ್ರಜ್ಞ ತಾನೇ ತನ್ನ ಎರಡು ವರ್ಷ ಪಣಕ್ಕಿಟ್ಟಾನು?

ಇದನ್ನು ಪರರ ಮೇಲಿನ ದೂರಿನಂತೆ ಬರೆಯುತ್ತಿಲ್ಲ. ಕೆಲಕಾಲದ ನಂತರ, ಬೇರೊಂದು ಬಗೆಯ ಕೈಯಂತ್ರಗಳ ಖರೀದಿ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆ. ಟೆಂಡರ್ ದಾಖಲೆಯಲ್ಲಿ ಬ್ಯಾಟರಿ ಎಷ್ಟು ಗಂಟೆ ಬಾಳಬೇಕು, ಪರದೆ ಎಷ್ಟು ಅಂಗುಲವಿರಬೇಕು ಎಂಬುದೆಲ್ಲ ವಿವರವಾಗಿತ್ತು. ಮೊದಲ ತಂತ್ರಾಂಶದ ನಂತರ ಎರಡನೆಯದನ್ನು ಯಾರು, ಯಾವ ಹಣದಿಂದ ಬರೆಯಬೇಕು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ಎರಡು ವರ್ಷಗಳಲ್ಲಿ ಆ ಯಂತ್ರಗಳು ಅಲ್ಮೇರಾ ಸೇರಿದವು. ಆ ಕಡತದಲ್ಲಿ ನನ್ನ ಸಹಿಯೂ ಇದೆ.

ಸರ್ಕಾರ ಮನಸ್ಸು ಮಾಡಿದರೆ ಬೇರೆ ಫಲ ಸಿಗುತ್ತದೆ ಎಂಬುದಕ್ಕೆ ಯುಪಿಐ ಸಾಕ್ಷಿ. 2016ರಲ್ಲಿ ಆರಂಭವಾದ ಈ ವ್ಯವಸ್ಥೆಯ ನಿಯಮಗಳು ಎಲ್ಲ ಬ್ಯಾಂಕುಗಳಿಗೂ ಸಮಾನವಾಗಿದ್ದವು. ಬಳಸುವವರು ಕೋಟಿಗಟ್ಟಲೆ ಇರುವರೆಂಬುದು ಖಾತ್ರಿಯಿತ್ತು. ಹೊರಗಿನ ಕಂಪನಿಗಳು ತಾವಾಗಿಯೇ ಬಂದವು. ಆದರೆ ವರ್ತಕರಿಂದ ಶುಲ್ಕ ಪಡೆಯುವಂತಿಲ್ಲ ಎಂದು 2020ರಲ್ಲಿ ಆದ ಮೇಲೆ ನಷ್ಟ ತಾಳಬಲ್ಲ ದೊಡ್ಡವರಿಗಷ್ಟೇ ಅನುಕೂಲವಾಯಿತು. ಇಂದು ಮುಕ್ಕಾಲು ಭಾಗಕ್ಕಿಂತ ಹೆಚ್ಚಿನ ವಹಿವಾಟು ಎರಡೇ ಕಂಪನಿಗಳ ಮೂಲಕ ನಡೆಯುತ್ತಿದೆ. ಎರಡನೆಯ ಪ್ರಶ್ನೆಯನ್ನು ಮರೆತರೂ ಬೆಲೆ ತೆರಬೇಕಾಗುತ್ತದೆ ಎಂದಾಯಿತು.

ಇದೆಲ್ಲ ಈಗೇಕೆ? ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ 2012ರಲ್ಲೇ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ವಿದೇಶಿ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟು ಹೆಸರು ಗಳಿಸಿ, ಕೊನೆಗೆ ವಿದೇಶಿಯರ ಪಾಲಾಯಿತು. ಕೂಲಿಯ ಕೌಶಲದಲ್ಲಿ ನಮಗೆ ಕೊರತೆಯಿಲ್ಲ; ಸ್ವಂತ ಆಟ ಕಟ್ಟುವ ಧೈರ್ಯಕ್ಕೆ ಆಸರೆಯಿಲ್ಲ. ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವ ಯುವಕ ಯುವತಿಯರಿಗೆ ಮತ್ತೊಂದು ಗಾಜಿನ ಕಟ್ಟಡ ಬೇಕಿಲ್ಲ. ಕನ್ನಡದ ಕಲಿಕೆಯ ಆಟಗಳನ್ನು ಶಾಲೆಗಳಿಗೆ ಐದು ವರ್ಷ, ಇಂತಿಷ್ಟು ಸಂಖ್ಯೆಯಲ್ಲಿ ಕೊಳ್ಳುತ್ತೇವೆ ಎಂಬ ಲಿಖಿತ ಭರವಸೆ ಬೇಕು. ದುಬಾರಿ ಉಪಕರಣಗಳಿರುವ, ಎಲ್ಲರಿಗೂ ತೆರೆದ ಪ್ರಯೋಗಾಲಯ ಬೇಕು. ಸಚಿವರು ಬದಲಾದರೂ ಬದಲಾಗದ ನಿಯಮಗಳು ಬೇಕು.

ನಮ್ಮ ಊರಿಗೆ ಆಟಗಳ ನಂಟು ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳಲ್ಲೂ ಹಾಸಿನ ಆಟಗಳಲ್ಲೂ ಹಲವು ಹೊಸ ಬಗೆಗಳನ್ನು ರೂಪಿಸಿದರು; ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ಒಂದು ಭಾಗವಿದೆ. ಆ ಆಟಗಳಿಗೆ ಇದ್ದದ್ದು ಒಬ್ಬರೇ ಪೋಷಕರು. ಇಂದು ಅವನ್ನು ನೋಡಬೇಕೆಂದರೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಹೊಸ ನೀತಿಯನ್ನು ಜಾರಿಗೊಳಿಸುವ ಅಧಿಕಾರಿಗಳು, ಸಹಿ ಹಾಕುವ ಮುನ್ನ, ಆ ಮೂರು ಪ್ರಶ್ನೆಗಳನ್ನು ತಮ್ಮ ಕಡತದ ಅಂಚಿನಲ್ಲಿ ಬರೆದಿಟ್ಟುಕೊಳ್ಳಲಿ.