ಹೈ-ಹ್ಯಾಟ್ ಭಾರ ಇರಬೇಕಿಲ್ಲ ಕಣ್ರೀ

ರಾಕ್ ಬ್ಯಾಂಡಿಗೆ ಹೈ-ಹ್ಯಾಟ್ ತಗೋಬೇಕು ಅಂತ ಯಾರಾದರೂ ಬಾಯಿ ಬಿಟ್ಟರೆ ಸಾಕು, ಸುತ್ತ ಇರೋ ಡ್ರಮ್ಮರ್‌ಗಳೆಲ್ಲ ಒಂದೇ ಉಪದೇಶ ಕೊಡ್ತಾರೆ: "ಹೆವಿ ತಗೋ ಮಗಾ, ಇಲ್ಲಾಂದ್ರೆ ಗಿಟಾರ್ ಮುಂದೆ ಕೇಳಲ್ಲ." ಕೇಳಿ ಕೇಳಿ ಸಾಕಾಗಿದೆ. ಹೈ-ಹ್ಯಾಟ್ ಕೇಳದ ರಾಕ್ ಶೋ ಒಂದನ್ನೂ ನಾನು ನೋಡಿಲ್ಲ. ಅದೊಂದು ಬಿಟ್ಟು ಬೇರೇನೂ ಕೇಳದ ಶೋಗಳನ್ನು ಬೇಕಾದಷ್ಟು ನೋಡಿದ್ದೇನೆ.

ಕಾರಣ ಸರಳ. ಹೈ-ಹ್ಯಾಟ್ ಇರೋದು ಸ್ನೇರ್ ಪಕ್ಕದಲ್ಲೇ. ಅದಕ್ಕೆ ಬೇರೆ ಮೈಕ್ ಇಡದಿದ್ದರೂ ಸ್ನೇರ್ ಮೈಕಿನೊಳಗೆ ನುಗ್ಗಿ ಬರುತ್ತೆ. ಸೌಂಡ್ ಮಾಡೋನು ಸ್ನೇರ್ ಏರಿಸಿದರೆ ಇದೂ ಜೊತೆಗೇ ಏರುತ್ತೆ. ಸಿಂಬಲ್ ದಪ್ಪಗಾದಷ್ಟೂ ಸ್ವರ ಮೇಲಕ್ಕೆ ಹೋಗುತ್ತೆ, ದನಿಯೂ ಜೋರು. ಆ ಚುಚ್ಚುವ ದನಿ ಸೀದಾ ಹೋಗಿ ಕೂರೋದು ಹಾಡುಗಾರನ ಸಕಾರ, ಶಕಾರಗಳ ಮೇಲೆ. ಗಾಜಿನ ಗೋಡೆಯ ಸಣ್ಣ ಪಬ್ಬಿನಲ್ಲಿ ಕನ್ನಡದ ಸಾಲು ಬರೆದು ತಂದವನ ಕಷ್ಟ ಯಾರಿಗೆ ಬೇಕು! ಊರ ಭಜನೆಯಲ್ಲಿ ತಾಳ ಹಿಡಿದವನು ಉತ್ಸಾಹಕ್ಕೆ ಬಿದ್ದರೆ ದಾಸರ ಪದದ ಗತಿ ಏನಾಗುತ್ತೆ ಅಂತ ಗೊತ್ತಲ್ಲ, ಇದೂ ಅದೇ ಕಥೆ.

"ಬೋನಮ್ ನೋಡು" ಅಂತಾರೆ. ನೋಡೋಣ. ಲೆಡ್ ಝೆಪೆಲಿನ್‌ನ ಜಾನ್ ಬೋನಮ್ ಬಾರಿಸಿದ್ದು 15 ಇಂಚಿನ ಪೈಸ್ಟಿ ಜೋಡಿ. ಮಾಮೂಲಿ 14ಕ್ಕಿಂತ ಅಗಲ ಹೆಚ್ಚು. ಅಗಲ ಹೆಚ್ಚಾದರೆ ಸ್ವರ ಕೆಳಗಿಳಿಯುತ್ತೆ, ಅರ್ಧ ತೆರೆದು ಬಾರಿಸಿದಾಗ ಹರಡಿಕೊಳ್ಳುತ್ತೆ. ಅಗಲವೇ ಬೇರೆ, ಭಾರವೇ ಬೇರೆ ಸ್ವಾಮಿ. ಇನ್ನು ರೋಲಿಂಗ್ ಸ್ಟೋನ್ಸ್‌ನ ಚಾರ್ಲಿ ವಾಟ್ಸ್ ಸ್ನೇರ್ ಹೊಡೆಯುವ ಎರಡು, ನಾಲ್ಕನೇ ಎಣಿಕೆಗೆ ಹೈ-ಹ್ಯಾಟ್‌ನಿಂದ ಕೋಲನ್ನೇ ಎತ್ತಿಬಿಡುತ್ತಿದ್ದ. ರಾಕ್ ಅದರಿಂದ ಸತ್ತುಹೋಗಲಿಲ್ಲ.

ಭಾರ ಬೇಕೇ ಬೇಕು ಅಂದರೆ ಕೆಳಗಿನ ಸಿಂಬಲ್‌ಗೆ ಇರಲಿ. ಝಿಲ್ಜಿಯನ್‌ನ ನ್ಯೂ ಬೀಟ್ ಜೋಡಿ ಇರೋದೇ ಹಾಗೆ: ಮೇಲೆ ಮಧ್ಯಮ, ಕೆಳಗೆ ಹೆವಿ. ಕಾಲಲ್ಲಿ ಒತ್ತಿದಾಗ "ಚಿಕ್" ಅನ್ನೋ ದನಿಗೆ ಗಟ್ಟಿತನ ಬರೋದು ಕೆಳಗಿನದರಿಂದ, ಕೋಲಿಗೆ ಬೇಗ ಓಗೊಡೋದು ಮೇಲಿನದು.

ಅಂಗಡಿಯಲ್ಲಿ ಜನ ಬೆರಳಲ್ಲಿ "ಟಣ್" ಅನ್ನಿಸಿ ಬಿಲ್ ಮಾಡಿಸ್ತಾರೆ, ಸ್ಟೀಲ್ ಪಾತ್ರೆ ಕೊಂಡ ಹಾಗೆ. ನಿಮ್ಮ ಕೋಲು ತಗೊಂಡು ಹೋಗಿ. ಮೊದಲು ಬರೀ ಕಾಲಲ್ಲಿ ಬಾರಿಸಿ. "ಚಿಕ್" ಬದಲು "ಫುಸ್" ಅಂದರೆ ಎರಡರ ನಡುವೆ ಗಾಳಿ ಸಿಕ್ಕಿಬೀಳ್ತಿದೆ, ಸ್ಟ್ಯಾಂಡಿನ ತಿರುಪಿನಿಂದ ಕೆಳಗಿನದನ್ನು ಚೂರು ಓರೆ ಮಾಡಿ ನೋಡಿ. ಆಮೇಲೆ ಅರ್ಧ ತೆರೆದು, ಕೋಲಿನ ಮೈಯಿಂದ ಅಂಚಿಗೆ ಹೊಡೆಯಿರಿ. ರಾಕ್‌ನಲ್ಲಿ ನೀವು ಬಾಳಬೇಕಾದ್ದು ಆ ದನಿಯ ಜೊತೆ. ಗೆಳೆಯನ ಕೈಗೆ ಕೋಲು ಕೊಟ್ಟು ಹತ್ತು ಹೆಜ್ಜೆ ದೂರ ನಿಂತೂ ಕೇಳಿ.

ದುಡ್ಡಿನ ಮಾತು. ಹೊಳೆಯೋ ಕಿಟ್‌ಗೆ ಇಎಂಐ ಕಟ್ಟಿ, ಜೊತೆಗೆ ಬಂದ ಹಿತ್ತಾಳೆ ಹೈ-ಹ್ಯಾಟನ್ನೇ ವರ್ಷಗಟ್ಟಲೆ ಬಾರಿಸೋರನ್ನು ಕಂಡರೆ ಅಯ್ಯೋ ಅನ್ನಿಸುತ್ತೆ. ಕ್ರ್ಯಾಶ್ ಬೀಳೋದು ಯಾವಾಗಲೋ ಒಮ್ಮೆ, ಹೈ-ಹ್ಯಾಟ್ ಮಾತ್ರ ಹಾಡಿನುದ್ದಕ್ಕೂ. ಮೊದಲು ಅದಕ್ಕೆ ಖರ್ಚು ಮಾಡಿ. 20% ತವರದ ಕಂಚೇ ಆಗಬೇಕು ಅನ್ನೋ ಮಡಿಯೂ ಬೇಡ, ಪೈಸ್ಟಿ 2002 ಮಾಡೋದು 8% ತವರದ ಕಂಚಿನಲ್ಲೇ.

ಹೆವಿ ಜೋಡಿ ಈಗಾಗಲೇ ಮನೆಯಲ್ಲಿದ್ದರೆ ಮಾರಬೇಡಿ. ಅದರ ಮೇಲಿನದನ್ನು ಕೆಳಗೆ ಹಾಕಿ, ಮೇಲಕ್ಕೆ 14 ಇಂಚಿನ ತೆಳು ಕ್ರ್ಯಾಶ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ.